ಬಾಯಿಯ ಪಸೆ ಆರಿದಾಗ: ರೇಡಿಯೇಶನ್ ಮುಗಿದ ಮೇಲಿನ ಬದುಕು

ಪ್ರಶ್ನೆ: ನನ್ನ ಯಜಮಾನರಿಗೆ 56 ವರ್ಷ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಎಂದು ಏಳು ವಾರ ರೇಡಿಯೇಶನ್ ಕೊಟ್ಟರು, ಜೊತೆಗೆ ಕಿಮೋ. ಮುಗಿದು 14 ತಿಂಗಳಾಯಿತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಎಲ್ಲರೂ ‘ಗೆದ್ದು ಬಂದಿರಿ’ ಅನ್ನುತ್ತಾರೆ. ಆದರೆ ಅವರ ಬಾಯಲ್ಲಿ ಪಸೆಯೇ ಇಲ್ಲ. ಕೈಯಲ್ಲಿ ಸದಾ ನೀರಿನ ಬಾಟಲಿ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಾರೆ, ಆಮೇಲೆ ಮೂತ್ರಕ್ಕೆ ಏಳುತ್ತಾರೆ. ಊಟಕ್ಕೆ ಮುಕ್ಕಾಲು ಗಂಟೆ ಬೇಕು, ಹಾಗಾಗಿ ನಮ್ಮ ಜೊತೆ ಕೂರುವುದನ್ನೇ ಬಿಟ್ಟಿದ್ದಾರೆ. ಫೋನ್ ಬಂದರೆ ನನ್ನ ಕೈಗೆ ಕೊಡುತ್ತಾರೆ. ಈಚೆಗೆ ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಬಣ್ಣ ಕಾಣುತ್ತಿದೆ. ಡಾಕ್ಟರಿಗೆ ಹೇಳಿದರೆ ‘ಇದೆಲ್ಲ ಇದ್ದದ್ದೇ, ನೀರು ಚೆನ್ನಾಗಿ ಕುಡಿಯಿರಿ’ ಎಂದರು. ಜೀವ ಉಳಿದಿರುವಾಗ ಇಂಥದ್ದಕ್ಕೆಲ್ಲ ಗೊಣಗುವುದು ತಪ್ಪೇ? ಜೊಲ್ಲು ಮತ್ತೆ ಬರುತ್ತದೆಯೇ? ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಲ್ಲಿನ ಬುಡದ ಆ ಕಂದು ಬಣ್ಣ. ಉಳಿದದ್ದನ್ನು ನಿಧಾನವಾಗಿ ಓದಿ, ಅದನ್ನು ಮಾತ್ರ ಈ ವಾರವೇ ದಂತವೈದ್ಯರಿಗೆ ತೋರಿಸಿ. ಕುರ್ಚಿಯಲ್ಲಿ ಕೂತೊಡನೆ ‘ದವಡೆಗೆ ರೇಡಿಯೇಶನ್ ಆಗಿದೆ’ ಎಂದು ಹೇಳಲಿ. ಹಲ್ಲು ಕೀಳಬೇಕು ಎಂದರೆ ಅಲ್ಲೇ ಒಪ್ಪಿಕೊಳ್ಳದೆ ಎದ್ದು ಬನ್ನಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಗೊಣಗುವ ವಿಷಯ. ಅದು ಗೊಣಗಾಟವಲ್ಲ, ರೋಗಲಕ್ಷಣ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಆದವರ ಜೀವನದ ಗುಣಮಟ್ಟ ಅಳೆಯಲು ಯುರೋಪಿನ ಇಒಆರ್‌ಟಿಸಿ ಎಂಬ ಸಂಸ್ಥೆ 35 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ಬಾಯಿ ಒಣಗುತ್ತದೆಯೇ, ಜೊಲ್ಲು ಅಂಟಂಟಾಗಿದೆಯೇ ಎಂಬ ಎರಡು ಬೇರೆ ಬೇರೆ ಪ್ರಶ್ನೆಗಳು ಅದರಲ್ಲಿವೆ. ಮನೆಯವರ ಮುಂದೆ ಊಟ ಮಾಡಲು ಕಷ್ಟವಾಗುತ್ತದೆಯೇ, ಫೋನಿನಲ್ಲಿ ಮಾತಾಡಲು ಕಷ್ಟವಾಗುತ್ತದೆಯೇ ಎಂಬುವೂ ಇವೆ. ನೀವು ಸಂಕೋಚಪಟ್ಟು ಬರೆದ ವಿಷಯಗಳೇ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಅಧಿಕೃತವಾಗಿ ಕೇಳಿ ಬರೆದುಕೊಳ್ಳುವ ವಿಷಯಗಳು.

ಹಾಗಾದರೆ ನಿಮ್ಮ ಡಾಕ್ಟರ್ ಯಾಕೆ ‘ಇದ್ದದ್ದೇ’ ಎಂದರು? ಇಂಥ ಪ್ರಶ್ನಾವಳಿಗಳನ್ನಿಟ್ಟುಕೊಂಡು ನಡೆದ ಅಧ್ಯಯನಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಂಡಿದೆ. ಚಿಕಿತ್ಸೆ ಮುಗಿದು ಸುಮಾರು ವರ್ಷವಾಗುವಷ್ಟರಲ್ಲಿ ‘ಒಟ್ಟಾರೆ ಹೇಗಿದ್ದೀರಿ’ ಎಂಬ ಪ್ರಶ್ನೆಗೆ ಬರುವ ಅಂಕ ಬಹುಮಂದಿಯಲ್ಲಿ ಮೊದಲಿನ ಮಟ್ಟಕ್ಕೆ ಹತ್ತಿರ ಬಂದುಬಿಡುತ್ತದೆ. ಬಾಯಿ ಒಣಗುವುದರ ಅಂಕ ಮಾತ್ರ ವರ್ಷಗಟ್ಟಲೆ ಕೆಟ್ಟದಾಗಿಯೇ ಇರುತ್ತದೆ. ಮನುಷ್ಯ ಹೊಂದಿಕೊಳ್ಳುತ್ತಾನೆ, ಸಾವಿನ ಭಯದ ಮುಂದೆ ಒಣಬಾಯಿ ಏನು ಮಹಾ ಎಂದುಕೊಳ್ಳುತ್ತಾನೆ. ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಡಾಕ್ಟರ್ ‘ಹೇಗಿದ್ದೀರಿ’ ಅಂದರೆ ‘ಪರವಾಗಿಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಬಾಯಿಯ ಶುಷ್ಕತೆಗೆ ವೈದ್ಯರು ಕೊಡುವ ದರ್ಜೆ ರೋಗಿ ತಾನೇ ಕೊಟ್ಟುಕೊಳ್ಳುವುದಕ್ಕಿಂತ ಹಗುರವಾಗಿರುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡದ್ದೇ. ಅದಕ್ಕೇ ಮುಂದಿನ ಸಲ ‘ಬಾಯಿ ಒಣಗುತ್ತೆ’ ಎಂದಷ್ಟೇ ಹೇಳಿ ಬಿಡಬೇಡಿ. ‘ರಾತ್ರಿ ಇಷ್ಟು ಸಲ ಏಳುತ್ತಾರೆ, ಊಟಕ್ಕೆ ಇಷ್ಟು ಹೊತ್ತು, ನೀರಿಲ್ಲದೆ ಒಂದು ಬಿಸ್ಕತ್ತು ನುಂಗಲಾಗುವುದಿಲ್ಲ, ಫೋನ್ ಎತ್ತುವುದಿಲ್ಲ’ ಎಂದು ಬಿಡಿಸಿ ಹೇಳಿ. ಅದನ್ನು ತಳ್ಳಿಹಾಕುವುದು ಕಷ್ಟ.

ಜೊಲ್ಲು ಮತ್ತೆ ಬರುತ್ತದೆಯೇ ಎಂಬುದಕ್ಕೆ ಉತ್ತರ ಬೇಕಾದರೆ ಯಾವ ಗ್ರಂಥಿ ಎಲ್ಲಿದೆ, ಎಷ್ಟು ಪೆಟ್ಟು ತಿಂದಿದೆ ಎಂದು ನೋಡಬೇಕು. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ. ಕಿವಿಯ ಮುಂದೆ ಇರುವ ಪೆರೋಟಿಡ್ ಗ್ರಂಥಿಗಳು ಊಟದ ಹೊತ್ತಿನವು. ಅಗಿಯಲು ಶುರುಮಾಡಿದೊಡನೆ ನೀರಿನಂಥ ತೆಳು ಜೊಲ್ಲನ್ನು ಹರಿಸುತ್ತವೆ. ಸುಮ್ಮನಿದ್ದಾಗ, ಮಾತಾಡುವಾಗ, ಮಲಗಿದಾಗ ಬಾಯಿಯನ್ನು ತೇವವಾಗಿಡುವ ಜೊಲ್ಲಿನ ಸುಮಾರು ಮೂರನೇ ಎರಡು ಪಾಲು ಬರುವುದು ಕೆಳದವಡೆಯ ಅಡಿಯಲ್ಲಿರುವ ಗ್ರಂಥಿಗಳಿಂದ. ನಾಲಿಗೆಯ ಅಡಿಯಲ್ಲಿ ಇನ್ನೊಂದು ಜೋಡಿ, ಅದಲ್ಲದೆ ತುಟಿ, ಕೆನ್ನೆ, ಅಂಗುಳದ ಒಳಪದರದಲ್ಲಿ ನೂರಾರು ಕಿರುಗ್ರಂಥಿಗಳು. ಜೊಲ್ಲಿಗೆ ಜಾರುವ ಗುಣ ಕೊಡುವ ಮ್ಯೂಸಿನ್ ಎಂಬ ಲೋಳೆಯಂಶ ಹೆಚ್ಚಾಗಿ ಬರುವುದು ಇವುಗಳಿಂದಲೇ.

ಈ ಗ್ರಂಥಿಗಳ ಸ್ರಾವಕೋಶಗಳಲ್ಲಿ ಒಂದು ಒಗಟಿದೆ. ಬೇಗ ಬೇಗ ವಿಭಜನೆಯಾಗುವ ಕೋಶಗಳಿಗೆ ರೇಡಿಯೇಶನ್ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಸಾಮಾನ್ಯ ನಿಯಮ. ಇವು ನಿಧಾನವಾಗಿ ವಿಭಜನೆಯಾಗುವ ಕೋಶಗಳು, ಆದರೂ ಮೊದಲ ವಾರದಲ್ಲೇ ಕೈಕೊಡುತ್ತವೆ. ಆ ಒಂದು ವಾರದಲ್ಲೇ ಸ್ರಾವ ಅರ್ಧಕ್ಕೆ ಅಥವಾ ಇನ್ನೂ ಕೆಳಕ್ಕೆ ಇಳಿಯಬಹುದು. ತೆಳು ಜೊಲ್ಲು ಮೊದಲು ನಿಲ್ಲುವುದರಿಂದ ಉಳಿದದ್ದು ಗೋಂದಿನಂತಾಗುತ್ತದೆ. ಚಿಕಿತ್ಸೆಯ ಮಧ್ಯದಲ್ಲಿ ನಿಮ್ಮವರು ಎಳೆ ಎಳೆಯಾದ ಲೋಳೆ ಉಗುಳುತ್ತಿದ್ದದ್ದು ನೆನಪಿರಬಹುದು. ಕಫ ಹೆಚ್ಚಾಗಿದೆ ಎಂದು ಕೆಮ್ಮಿನ ಔಷಧಿ, ಅಲರ್ಜಿ ಮಾತ್ರೆ ತರುವವರು ಬಹಳ. ಅಲ್ಲಿ ಕಡಿಮೆಯಾಗಿರುವುದು ನೀರು. ಅಲರ್ಜಿ ಮಾತ್ರೆ ಇರುವ ಚೂರುಪಾರನ್ನೂ ಒಣಗಿಸುತ್ತದೆ.

ಕ್ಯಾನ್ಸರ್‌ಗೆ ಕೊಡುವ ಪೂರ್ಣ ಡೋಸು ಸಾಮಾನ್ಯವಾಗಿ 60ರಿಂದ 70 ಗ್ರೇ (ರೇಡಿಯೇಶನ್ ಅಳೆಯುವ ಮಾನ). ಗ್ರಂಥಿಗಳು ತಡೆದುಕೊಳ್ಳುವುದು ಅದಕ್ಕಿಂತ ಬಹಳ ಕಡಿಮೆ. ಎರಡೂ ಪೆರೋಟಿಡ್‌ಗಳಿಗೆ ಬಿದ್ದ ಸರಾಸರಿ ಡೋಸು 25 ಗ್ರೇಗಿಂತ ಕೆಳಗಿದ್ದರೆ, ಅಥವಾ ಒಂದಕ್ಕಾದರೂ 20ಕ್ಕಿಂತ ಕೆಳಗಿದ್ದರೆ ಕೆಲಸ ಬಹುಮಟ್ಟಿಗೆ ಉಳಿಯುತ್ತದೆ ಎಂಬುದು ಈಗ ರೇಡಿಯೇಶನ್ ಯೋಜನೆ ಹಾಕುವವರು ಇಟ್ಟುಕೊಳ್ಳುವ ಗುರಿ. ದವಡೆ ಅಡಿಯ ಗ್ರಂಥಿಗೆ ಈ ಮಿತಿ ಸುಮಾರು 39 ಗ್ರೇ. ಐಎಂಆರ್‌ಟಿ ಎಂಬ ವಿಧಾನ ಬಂದ ಮೇಲೆ ಕಿರಣವನ್ನು ಪೆರೋಟಿಡ್‌ನಿಂದ ಆದಷ್ಟು ಸರಿಸುವುದು ಸಾಧ್ಯವಾಯಿತು. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಪ್ರಯೋಗದ ಫಲಿತಾಂಶ 2011ರಲ್ಲಿ ಬಂದಾಗ, ವರ್ಷದ ಕೊನೆಗೆ ಗಣನೀಯವಾಗಿ ಬಾಯಿ ಒಣಗುತ್ತಿದ್ದವರು ಹಳೆಯ ವಿಧಾನದಲ್ಲಿ 74 ಶೇಕಡಾ, ಐಎಂಆರ್‌ಟಿಯಲ್ಲಿ 38 ಶೇಕಡಾ. ಎರಡು ವರ್ಷಕ್ಕೆ ಅದು 83 ಮತ್ತು 29 ಆಯಿತು. ದೊಡ್ಡ ಸುಧಾರಣೆಯೇ. ಆದರೆ ಹೊಸ ವಿಧಾನದಲ್ಲೂ ಎರಡು ವರ್ಷದ ಮೇಲೆ ನೂರಕ್ಕೆ ಸುಮಾರು ಮೂವತ್ತು ಮಂದಿ ಒಣಬಾಯಿಯಲ್ಲೇ ಉಳಿದರು ಎಂಬುದನ್ನೂ ಅದೇ ಅಂಕಿಯಿಂದ ಓದಿಕೊಳ್ಳಬೇಕು. ಪೆರೋಟಿಡ್ ಉಳಿದರೂ ದವಡೆ ಅಡಿಯ ಗ್ರಂಥಿ ಹೋದವರಿಗೆ ಊಟದ ಹೊತ್ತಿಗೆ ಸ್ವಲ್ಪ ಜೊಲ್ಲು ಬಂದು, ಮಾತಿಗೂ ರಾತ್ರಿಗೂ ಇಲ್ಲದಂತಾಗುತ್ತದೆ. ನಾಲಿಗೆ ಬುಡದ ಕ್ಯಾನ್ಸರ್‌ನಲ್ಲಿ ಈ ಗ್ರಂಥಿ ಕಿರಣದ ದಾರಿಯ ಪಕ್ಕದಲ್ಲೇ ಇರುತ್ತದೆ.

ಚೇತರಿಕೆಯ ಬಹುಪಾಲು ಮೊದಲ 12 ತಿಂಗಳಲ್ಲಿ ಆಗುತ್ತದೆ, ಮುಂದಿನ ವರ್ಷದಲ್ಲೂ ಅಷ್ಟಿಷ್ಟು ನಡೆಯುತ್ತದೆ. ನಿಮ್ಮವರಿಗೆ ಇನ್ನೂ ದಾರಿ ಮುಚ್ಚಿಲ್ಲ, ಆದರೆ ದೊಡ್ಡ ಜಿಗಿತವನ್ನು ನಾನು ನಿರೀಕ್ಷಿಸುವುದಿಲ್ಲ. ಊಹೆ ಬೇಡವೆನಿಸಿದರೆ ರೇಡಿಯೇಶನ್ ವಿಭಾಗದಲ್ಲಿ ಒಂದು ವಿಷಯ ಕೇಳಿ: ಎರಡು ಪೆರೋಟಿಡ್‌ಗಳಿಗೆ ಮತ್ತು ದವಡೆ ಅಡಿಯ ಎರಡು ಗ್ರಂಥಿಗಳಿಗೆ ಬಿದ್ದ ಸರಾಸರಿ ಡೋಸು ಎಷ್ಟು? ಅದು ಯೋಜನೆಯ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತದೆ. ಕೆಳದವಡೆಯ ಮೂಳೆಗೆ ಬಿದ್ದ ಡೋಸನ್ನೂ ಬರೆಸಿಕೊಳ್ಳಿ, ದಂತವೈದ್ಯರಿಗೆ ಅದು ಬೇಕಾಗುತ್ತದೆ.

ಎಷ್ಟು ಜೊಲ್ಲು ಉಳಿದಿದೆ ಎಂದು ಅಳೆಯುವುದು ಸುಲಭ, ಯಂತ್ರ ಬೇಡ. ಒಂದು ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ತಲೆ ತಗ್ಗಿಸಿ ಕೂತು, ಬಾಯಲ್ಲಿ ಸೇರಿದ್ದನ್ನು ಕೆಲವು ನಿಮಿಷ ಒಂದು ಲೋಟಕ್ಕೆ ಬಿಡುವುದು, ತೂಗುವುದು. ಸುಮ್ಮನಿದ್ದಾಗ ನಿಮಿಷಕ್ಕೆ 0.3 ಮಿಲಿಲೀಟರ್ ಆಸುಪಾಸು ಸಹಜ, 0.1ಕ್ಕಿಂತ ಕಡಿಮೆ ಎಂದರೆ ತೀರಾ ಕಡಿಮೆ. ಆಮೇಲೆ ಮೇಣದಂಥದ್ದೇನಾದರೂ ಅಗಿಸಿ ಮತ್ತೆ ಅಳೆಯುತ್ತಾರೆ. ಈ ಎರಡನೇ ಅಳತೆ ಮುಖ್ಯ: ಅಗಿದಾಗ ಜೊಲ್ಲು ಏರಿದರೆ ಗ್ರಂಥಿಯಲ್ಲಿ ಜೀವವಿದೆ, ಅದನ್ನು ಎಬ್ಬಿಸುವ ಔಷಧಿಗೆ ಅರ್ಥವಿದೆ. ಅನುಭವವಿದ್ದವರಿಗೆ ಅಳತೆಗೂ ಮೊದಲೇ ತಿಳಿಯುತ್ತದೆ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಗೆ ತಾಗಿಸಿ ಎಳೆದರೆ ಅದು ಜಾರುವುದಿಲ್ಲ, ಚರ್ಮವನ್ನು ಹಿಡಿದುಕೊಂಡೇ ಬರುತ್ತದೆ. ನಾಲಿಗೆಯ ಅಡಿಯಲ್ಲಿ ನಿಂತಿರಬೇಕಾದ ಜೊಲ್ಲಿನ ಪುಟ್ಟ ಹೊಂಡ ಇರುವುದಿಲ್ಲ. ನಾಲಿಗೆಯ ಮೇಲ್ಮೈ ಬಿರುಕುಬಿಟ್ಟಿರುತ್ತದೆ.

ಇನ್ನು ‘ನೀರು ಚೆನ್ನಾಗಿ ಕುಡಿಯಿರಿ’ ಎಂಬ ಸಲಹೆ. ತಪ್ಪಲ್ಲ, ಸಾಲದು. ದೇಹದಲ್ಲಿ ನೀರು ಕಡಿಮೆಯಾಗಿ ಬಾಯಿ ಒಣಗಿದ್ದರೆ ಕುಡಿದ ನೀರು ಜೊಲ್ಲಾಗಿ ಬರುತ್ತದೆ. ಇಲ್ಲಿ ಕೆಟ್ಟಿರುವುದು ಜೊಲ್ಲು ಮಾಡುವ ಗ್ರಂಥಿ, ಲೀಟರುಗಟ್ಟಲೆ ಕುಡಿದರೂ ಅದು ಮೂತ್ರಕೋಶಕ್ಕೆ ಹೋಗುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ಬಾಯಿಯ ಮೂಲಕ ಹಾದುಹೋದ ನೀರಾದರೂ ನಿಲ್ಲುತ್ತದೆಯೇ? ಕಿರುಗುಟ್ಟುವ ಕೀಲಿಗೆ ಎಣ್ಣೆಯ ಬದಲು ನೀರು ಬಿಟ್ಟಂತೆ, ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಮೇಲಾಗಿ ದೊಡ್ಡ ದೊಡ್ಡ ಗುಟುಕು ಹಾಕಿದಾಗ ಉಳಿದಿದ್ದ ಚೂರು ಲೋಳೆಪದರವೂ ತೊಳೆದುಹೋಗುತ್ತದೆ. ಚಿಕ್ಕ ಗುಟುಕು ತೆಗೆದುಕೊಂಡು ನಾಲಿಗೆ, ಕೆನ್ನೆಗೆಲ್ಲ ಆಡಿಸಿ ನುಂಗಲಿ. ಬಾಟಲಿ ಕೈಯಲ್ಲಿರಲಿ, ಆದರೆ ಅದರಲ್ಲಿ ಹಣ್ಣಿನ ರಸ, ನಿಂಬೆ ಶರಬತ್ತು, ಸೋಡಾ ಯಾವತ್ತೂ ಬೇಡ. ದಿನವಿಡೀ ಗುಟುಕು ಗುಟುಕಾಗಿ ಸಕ್ಕರೆ ಅಥವಾ ಹುಳಿ ಹಲ್ಲಿಗೆ ತಾಗುವುದಕ್ಕಿಂತ ಕೆಟ್ಟದ್ದು ಅವರ ಬಾಯಿಗೆ ಇನ್ನೊಂದಿಲ್ಲ.

ರಾತ್ರಿಗೆ ಬೇರೆ ಉಪಾಯ ಬೇಕು. ಆರೋಗ್ಯವಂತರಲ್ಲೂ ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತೇ ಹೋಗುತ್ತದೆ, ಇವರಿಗೆ ಮೀಸಲು ಕೂಡ ಇಲ್ಲ. ನೀರು ಕುಡಿದರೆ ಒಂದು ಗಂಟೆಗೆ ಬಾಯಿ ಎಬ್ಬಿಸುತ್ತದೆ, ಎರಡನೇ ಗಂಟೆಗೆ ಮೂತ್ರ ಎಬ್ಬಿಸುತ್ತದೆ; ನಿಮ್ಮ ಪತ್ರದಲ್ಲಿರುವುದು ಇದೇ ಚಕ್ರ. ಕೃತಕ ಜೊಲ್ಲು ಎಂದು ಸಿಗುವ ಉತ್ಪನ್ನಗಳಲ್ಲಿ ಸ್ಪ್ರೇ ಹಗಲಿಗೆ, ಜೆಲ್ ರಾತ್ರಿಗೆ. ಮಲಗುವ ಮುನ್ನ ಕಡಲೆಕಾಳಿನಷ್ಟು ಜೆಲ್ ತೆಗೆದು ನಾಲಿಗೆ, ಅಂಗುಳ, ಕೆನ್ನೆಯ ಒಳಗೆ ಬೆರಳಲ್ಲಿ ಸವರಿಕೊಂಡರೆ ನೀರಿಗಿಂತ ಬಹಳ ಹೊತ್ತು ನಿಲ್ಲುತ್ತದೆ. ಒಸಡಿಗೆ ಅಂಟಿಸಿಕೊಂಡು ಮಲಗುವ, ನಿಧಾನವಾಗಿ ಕರಗುವ ಜೈಲಿಟಾಲ್ (ಹಲ್ಲು ಕೆಡಿಸದ ಸಿಹಿ) ಬಿಲ್ಲೆಗಳೂ ಕೆಲವರಿಗೆ ಒಗ್ಗುತ್ತವೆ. (ಮನೆಯಲ್ಲಿ ನಾಯಿ ಇದ್ದರೆ ಜೈಲಿಟಾಲ್ ಅದರ ಬಾಯಿಗೆ ಸಿಗದಂತೆ ಇಡಿ, ನಾಯಿಗೆ ಅದು ವಿಷ.) ಕೋಣೆಯಲ್ಲಿ ಗಾಳಿಯ ತೇವ ಹೆಚ್ಚಿಸುವ ಸಾಧನ ಇಡಬಹುದು. ಮೂಗು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತಾರೆಯೇ ಎಂದು ನೀವೇ ಒಂದು ರಾತ್ರಿ ಗಮನಿಸಿ. ಹಾಗಿದ್ದರೆ ಮೊದಲು ಮೂಗಿಗೆ ಚಿಕಿತ್ಸೆ ಆಗಬೇಕು. ಕೃತಕ ಜೊಲ್ಲು ಕೊಳ್ಳುವಾಗ ಒಂದು ಎಚ್ಚರ: ಕೆಲವು ಹುಳಿಯಾಗಿರುತ್ತವೆ, ಹಲ್ಲಿರುವವರು ಅವನ್ನು ಮುಟ್ಟಬಾರದು. ಕೆಲವದರಲ್ಲಿ ಪ್ರಾಣಿಜನ್ಯ ಮ್ಯೂಸಿನ್ ಇರುತ್ತದೆ, ಅದು ಬೇಡದವರು ಡಬ್ಬಿ ಓದಿ ಕೊಳ್ಳಿ. ಯಾವ ಬ್ರಾಂಡು ಮೇಲು ಎಂದು ನನ್ನನ್ನು ಕೇಳುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ, ಎರಡು ಮೂರನ್ನು ವಾರಕ್ಕೊಂದರಂತೆ ನೋಡಿ, ಬಾಯಿಗೆ ಹಿತವೆನಿಸಿದ್ದೇ ಮೇಲು.

ಗ್ರಂಥಿಯಲ್ಲಿ ಜೀವವಿದ್ದರೆ ಪೈಲೊಕಾರ್ಪಿನ್ ಮಾತ್ರೆಯ ಬಗ್ಗೆ ಡಾಕ್ಟರನ್ನು ನೇರವಾಗಿ ಕೇಳಿ. ತಲೆ–ಕುತ್ತಿಗೆಯ ರೇಡಿಯೇಶನ್ ನಂತರದ ಒಣಬಾಯಿಗೆ ಅಮೆರಿಕದಲ್ಲಿ 1994ರಲ್ಲೇ ಒಪ್ಪಿಗೆ ಪಡೆದ ಔಷಧಿ ಇದು. 5 ಮಿಲಿಗ್ರಾಂ ದಿನಕ್ಕೆ ಮೂರು ಸಲ ಎಂಬಲ್ಲಿಂದ ಶುರು. ಒಂದು ವಾರ ತಗೊಂಡು ಏನೂ ಆಗಲಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು, ಆದರೆ ಪೂರ್ಣ ಪರಿಣಾಮ ಕಾಣಲು 12 ವಾರದವರೆಗೂ ಬೇಕಾಗಬಹುದು. ಅಷ್ಟರಲ್ಲೂ ಏನೂ ಕಾಣದಿದ್ದರೆ ನಿಲ್ಲಿಸುವುದೇ ಸರಿ. ಬೆವರು ಇದರ ದೊಡ್ಡ ತೊಂದರೆ. ಅಂಗಿ ಒದ್ದೆಯಾಗುವಷ್ಟು ಬೆವರುವವರಿದ್ದಾರೆ. ಮುಖ ಕೆಂಪಾಗುವುದು, ಮೂಗು ಸುರಿಯುವುದು, ಪದೇ ಪದೇ ಮೂತ್ರ, ಮಬ್ಬು ಬೆಳಕಲ್ಲಿ ದೃಷ್ಟಿ ಮಂಜಾಗುವುದೂ ಉಂಟು, ಹಾಗಾಗಿ ರಾತ್ರಿ ವಾಹನ ಓಡಿಸುವವರು ಎಚ್ಚರವಹಿಸಬೇಕು. ಹತೋಟಿಯಲ್ಲಿಲ್ಲದ ಅಸ್ತಮಾ ಮತ್ತು ಕಿರಿದಾದ ಕೋನದ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಹೃದಯದ ತೊಂದರೆ ಇದ್ದರೆ ಮೊದಲು ಹೇಳಬೇಕು. ಸೆವಿಮೆಲಿನ್ ಎಂಬುದು ಇದರ ಹತ್ತಿರದ ಸಂಬಂಧಿ. ಎರಡೂ ತೆಗೆದುಕೊಳ್ಳುವಷ್ಟು ಕಾಲ ಮಾತ್ರ ಕೆಲಸ ಮಾಡುತ್ತವೆ, ಗ್ರಂಥಿಯನ್ನು ವಾಸಿ ಮಾಡುವುದಿಲ್ಲ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯುವುದು ಇದೇ ಕೆಲಸದ ಸಣ್ಣ ರೂಪ. ದವಡೆ ನೋಯದಿದ್ದರೆ ದಿನಕ್ಕೆ ಕೆಲವು ಸಲ ಅಗಿಯಲಿ.

ಅಕ್ಯುಪಂಕ್ಚರ್ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಚೀನಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ರೇಡಿಯೇಶನ್ ನಡೆಯುತ್ತಿರುವಾಗಲೇ ಸೂಜಿ ಹಾಕಿ ನೋಡಿದ ದೊಡ್ಡ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಚೀನಾದಲ್ಲಿ ನಿಜವಾದ ಸೂಜಿ ಚಿಕಿತ್ಸೆ ಹುಸಿ ಚಿಕಿತ್ಸೆಗಿಂತ ಮೇಲಾಯಿತು, ಅಮೆರಿಕದಲ್ಲಿ ಎರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅದನ್ನು ‘ಮಾಡಿ ನೋಡಬಹುದು’ ಎಂಬ ಪಟ್ಟಿಯಲ್ಲಿಟ್ಟಿದೆ. ನನ್ನ ಅಭಿಪ್ರಾಯವೂ ಅಷ್ಟೇ: ತರಬೇತಿ ಪಡೆದವರು, ಹೊಸ ಸೂಜಿ ಬಳಸುವವರು ಸಿಕ್ಕರೆ ಹಾನಿಯಿಲ್ಲ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ಗ್ರಂಥಿಗೆ ಜೀನ್ ಸೇರಿಸುವ ಪ್ರಯೋಗ 11 ಮಂದಿಯ ಮೇಲೆ ನಡೆದು 2012ರಲ್ಲಿ ವರದಿಯಾಗಿದೆ, ಕೆಲವರಲ್ಲಿ ಸ್ರಾವ ಹೆಚ್ಚಿತು. ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚುವ ಪ್ರಯೋಗಗಳೂ ನಡೆದಿವೆ. ಇವೆಲ್ಲ ಪ್ರಯೋಗಶಾಲೆಯ ನಂಟಿರುವ ಆಸ್ಪತ್ರೆಗಳ ಮಾತು. ‘ಸ್ಟೆಮ್ ಸೆಲ್ ಹಾಕಿ ಜೊಲ್ಲು ಬರಿಸುತ್ತೇವೆ’ ಎಂದು ದುಡ್ಡು ಕೇಳುವ ಕ್ಲಿನಿಕ್ಕಿನ ಮೆಟ್ಟಿಲು ಹತ್ತಬೇಡಿ.

ಹಲ್ಲಿನ ವಿಷಯಕ್ಕೆ ಬರೋಣ, ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ. ಬಾಯಿಯ ಪಿಎಚ್ (ಅದು ಇಳಿದಷ್ಟೂ ಆಮ್ಲ ಹೆಚ್ಚು) 5.5ರ ಆಸುಪಾಸಿಗೆ ಇಳಿದರೆ ಹಲ್ಲಿನ ಎನಾಮಲ್ ಕರಗಲು ಶುರುವಾಗುತ್ತದೆ. ಏನಾದರೂ ತಿಂದಾಗಲೆಲ್ಲ ಎಲ್ಲರ ಬಾಯಲ್ಲೂ ಹಾಗೆ ಇಳಿಯುತ್ತದೆ. ಜೊಲ್ಲಿನ ಬೈಕಾರ್ಬನೇಟ್ ಅದನ್ನು ಮತ್ತೆ ಮೇಲೆತ್ತುತ್ತದೆ, ಅದರ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿದ್ದನ್ನು ತುಂಬುತ್ತವೆ. ಜೊಲ್ಲಿಲ್ಲದ ಬಾಯಲ್ಲಿ ಇಳಿದದ್ದು ಏರುವುದಿಲ್ಲ. ಮಾಮೂಲಿ ಹುಳುಕು ಅಗಿಯುವ ಹಲ್ಲಿನ ಗುಳಿಯಲ್ಲೋ ಎರಡು ಹಲ್ಲುಗಳ ಸಂದಿಯಲ್ಲೋ ಶುರುವಾಗುತ್ತದೆ. ರೇಡಿಯೇಶನ್ ನಂತರದ ಹುಳುಕು ಒಸಡಿನ ಅಂಚಿನಲ್ಲಿ ಹಲ್ಲನ್ನು ಸುತ್ತುವರಿಯುತ್ತದೆ, ಸಾಮಾನ್ಯವಾಗಿ ಹುಳುಕು ತಾಗದ ಕೆಳಗಿನ ಮುಂದಿನ ಹಲ್ಲುಗಳನ್ನೂ ಬಿಡುವುದಿಲ್ಲ. ನೋವು ಅಷ್ಟಾಗಿ ಇರುವುದಿಲ್ಲ, ಒಂದು ದಿನ ಹಲ್ಲು ಬುಡದಲ್ಲಿ ಮುರಿದು ಕೈಗೆ ಬರುತ್ತದೆ. ನೀವು ನೋಡಿದ ಕಂದು ಬಣ್ಣ ಬರಿಯ ಕಲೆಯೂ ಆಗಿರಬಹುದು, ಆದರೆ ಆ ಜಾಗ, ಆ ಹಲ್ಲುಗಳು ಎಂದಾಗ ಕಾಯುವುದು ಬುದ್ಧಿವಂತಿಕೆಯಲ್ಲ.

ಕೀಳಿಸಬೇಡಿ ಎಂದದ್ದಕ್ಕೆ ಕಾರಣ ಮೂಳೆ. ಹೆಚ್ಚು ಡೋಸು ಬಿದ್ದ ದವಡೆಯಲ್ಲಿ, ಅದರಲ್ಲೂ ಕೆಳದವಡೆಯಲ್ಲಿ, ರಕ್ತನಾಳಗಳು ಸೊರಗಿರುತ್ತವೆ. ಹಲ್ಲು ಕಿತ್ತ ಗುಳಿ ಮುಚ್ಚದೆ ಮೂಳೆ ಹೊರಗೆ ಕಾಣಿಸಿಕೊಂಡು ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಇದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಎನ್ನುತ್ತಾರೆ. ಈ ಅಪಾಯ ವರ್ಷ ಕಳೆದಂತೆ ಮಾಯವಾಗುವುದಿಲ್ಲ, ಹತ್ತು ವರ್ಷದ ಮೇಲೂ ಇರುತ್ತದೆ. ಅದಕ್ಕೇ ಉಳಿಸಲಾಗದ ಹಲ್ಲುಗಳನ್ನು ರೇಡಿಯೇಶನ್ ಶುರುವಾಗುವುದಕ್ಕೆ ಎರಡು ವಾರವಾದರೂ ಮುಂಚೆ ಕೀಳುವ ರೂಢಿ. ಈಗ ಹಲ್ಲು ಕೆಟ್ಟಿದ್ದರೆ ಮೊದಲ ಆಯ್ಕೆ ಭರ್ತಿ ಮಾಡುವುದು, ಅದಾಗದಿದ್ದರೆ ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್), ಅದೂ ಆಗದಿದ್ದರೆ ಮೇಲ್ಭಾಗ ಕತ್ತರಿಸಿ ಬೇರನ್ನು ಮೂಳೆಯಲ್ಲೇ ಬಿಡುವುದು. ಕೀಳಲೇಬೇಕಾದರೆ ಡೋಸಿನ ದಾಖಲೆ ನೋಡಿ, ರೇಡಿಯೇಶನ್ ವೈದ್ಯರೊಡನೆ ಮಾತಾಡಿ, ಇಂಥವರ ಹಲ್ಲು ಕಿತ್ತು ಅನುಭವವಿರುವ ದವಡೆ ಶಸ್ತ್ರವೈದ್ಯರು ಮಾಡಬೇಕು. ಕೀಳುವ ಮುನ್ನ ಒತ್ತಡದ ಆಮ್ಲಜನಕದ ಕೊಠಡಿಯಲ್ಲಿ ಕೂರಿಸುವ ಪದ್ಧತಿ ಬಹುಕಾಲ ಇತ್ತು. 2019ರ ಹೋಪಾನ್ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಅದಕ್ಕೆ ಹಣ ಕಟ್ಟಿ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ದಿನದಿನದ ಕಾವಲು ಫ್ಲೋರೈಡಿನದು. ಮಾಮೂಲಿ ಪೇಸ್ಟಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ 1000ರಿಂದ 1450 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಅಳತೆ); ಇವರಿಗೆ ಬೇಕಾದದ್ದು ದಂತವೈದ್ಯರು ಬರೆದುಕೊಡುವ 5000 ಪಿಪಿಎಂನ ಪೇಸ್ಟ್ ಅಥವಾ ಜೆಲ್, ಆಮ್ಲೀಯವಲ್ಲದ್ದು. ಹಲ್ಲಿನ ಅಚ್ಚು ತೆಗೆದು ಮಾಡಿಸಿದ ಮೆತ್ತನೆಯ ಟ್ರೇಯಲ್ಲಿ ಜೆಲ್ ಹಾಕಿ ರಾತ್ರಿ ಐದರಿಂದ ಹತ್ತು ನಿಮಿಷ ಕಚ್ಚಿಕೊಂಡಿದ್ದರೆ ಒಸಡಿನ ಅಂಚಿನವರೆಗೂ ತಲುಪುತ್ತದೆ. ಆಮೇಲೆ ಉಗುಳಬೇಕು, ಬಾಯಿ ಮುಕ್ಕಳಿಸಬಾರದು, ಅರ್ಧ ಗಂಟೆ ಏನೂ ತಿನ್ನಬಾರದು. ಜೀವನಪೂರ್ತಿ. ಈ ಒಂದು ಪದ ಕೇಳಿ ಎಲ್ಲರ ಮುಖ ಬಾಡುತ್ತದೆ, ಆದರೆ ಕಡಿಮೆ ಹೇಳಿ ಪ್ರಯೋಜನವಿಲ್ಲ. ಊಟವಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ಮುಕ್ಕಳಿಸಿ, ಕೊನೆಗೆ ಬರಿಯ ನೀರು. ಇದು ಆಮ್ಲವನ್ನೂ ತಗ್ಗಿಸುತ್ತದೆ, ಅಂಟಿದ ಲೋಳೆಯನ್ನೂ ಸಡಿಲಿಸುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಅದು ಉರಿಸಿ ಇನ್ನಷ್ಟು ಒಣಗಿಸುತ್ತದೆ. ಆರು ತಿಂಗಳಿಗೊಮ್ಮೆ ದಂತವೈದ್ಯರು ಎಂಬ ಲೆಕ್ಕ ಇವರಿಗಲ್ಲ, ಮೂರು ತಿಂಗಳಿಗೊಮ್ಮೆ ಹೋಗಬೇಕು.

ಒಣಬಾಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಸುಲಭವಾಗಿ ಬೆಳೆಯುತ್ತದೆ. ಬಿಳಿ ಪದರ ಇದ್ದರೆ ಗುರುತಿಸುವುದು ಸುಲಭ. ಕೆಲವೊಮ್ಮೆ ನಾಲಿಗೆ ಬರಿ ಕೆಂಪಾಗಿ ಉರಿಯುತ್ತದೆ, ತುಟಿಯ ಮೂಲೆ ಒಡೆಯುತ್ತದೆ, ಅಷ್ಟೇ. ಖಾರ ತಾಗಿದರೆ ಹಠಾತ್ತಾಗಿ ಮೊದಲಿಗಿಂತ ಹೆಚ್ಚು ಉರಿಯತೊಡಗಿದರೆ ಇದನ್ನು ನೆನಪಿಸಿಕೊಳ್ಳಿ, ಔಷಧಿಗೆ ಬಗ್ಗುತ್ತದೆ.

ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಮ್ಮೆ ಮೇಜಿನ ಮೇಲೆ ಹರವಿ ಡಾಕ್ಟರಿಗೆ ತೋರಿಸಿ. ನರದ ನೋವಿಗೆ ಅಥವಾ ನಿದ್ದೆಗೆ ಕೊಟ್ಟ ಅಮಿಟ್ರಿಪ್ಟಿಲಿನ್, ನೆಗಡಿಯ ಮಾತ್ರೆ, ಮೂತ್ರ ತಡೆಯಲಾಗದ್ದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ಜೊಲ್ಲು ಒಣಗಿಸುವಂಥವು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುತ್ತಾರೆ ಎಂದು ಯಾರಾದರೂ ಈ ಕೊನೆಯದನ್ನು ಬರೆದುಕೊಟ್ಟರೆ ಚಕ್ರ ಇನ್ನೂ ಬಿಗಿಯಾಗುತ್ತದೆ. ಹೃದ್ರೋಗಿಗಳಾಗಿದ್ದು ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಇಟ್ಟುಕೊಂಡಿದ್ದರೆ, ಒಣಬಾಯಲ್ಲಿ ಅದು ಕರಗದೆ ಕೂರುತ್ತದೆ. ಮೊದಲು ಬಾಯಿ ಒದ್ದೆ ಮಾಡಿಕೊಳ್ಳಬೇಕು, ಅಥವಾ ಸ್ಪ್ರೇ ಬರೆಸಿಕೊಳ್ಳಬೇಕು. ರಕ್ತಪರೀಕ್ಷೆಯಲ್ಲಿ ಥೈರಾಯಿಡ್‌ನ ಟಿಎಸ್‌ಎಚ್ ನೋಡಿಸಿ ಎಷ್ಟು ದಿನವಾಯಿತು? ಕುತ್ತಿಗೆಗೆ ರೇಡಿಯೇಶನ್ ಆದವರಲ್ಲಿ ಥೈರಾಯಿಡ್ ಕುಗ್ಗುವುದು ಸಾಮಾನ್ಯ, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ನೋಡಬೇಕು. ಸುಸ್ತು, ಮಂಕು, ಯಾರೂ ಬೇಡವೆನಿಸುವುದು ಎಲ್ಲವನ್ನೂ ಒಣಬಾಯಿಯ ತಲೆಗೆ ಕಟ್ಟುವ ಮುಂಚೆ ಇದೊಂದು ನೋಡಿಬಿಡಿ. ಖಿನ್ನತೆಯೂ ಅಷ್ಟೇ, ಅದನ್ನು ಬಾಯಿಬಿಟ್ಟು ಕೇಳಬೇಕು.

ಕೊನೆಗೆ ಊಟ. ಮುಕ್ಕಾಲು ಗಂಟೆ ಹಿಡಿಯುವುದು ಬರಿ ಜೊಲ್ಲಿನ ಕೊರತೆಯಿಂದಲೇ ಎಂದು ನಾನು ಒಪ್ಪಿಕೊಳ್ಳುವುದಿಲ್ಲ, ನೀವೂ ಒಪ್ಪಬೇಡಿ. ರೇಡಿಯೇಶನ್ ಗಂಟಲ ಸ್ನಾಯುಗಳನ್ನೂ ಗಟ್ಟಿ ಮಾಡುತ್ತದೆ. ಒಣ ಪದಾರ್ಥ ಬಾಯಲ್ಲಿ ಉಂಡೆಯಾಗದೆ ಅಂಗುಳಕ್ಕೆ ಅಂಟಿ, ಒಂದು ಗುಟುಕು ನೀರಿಗೆ ಇಳಿದುಹೋದರೆ ಅದು ಜೊಲ್ಲಿನ ಸಮಸ್ಯೆ. ಮೆತ್ತನೆಯದೂ ಗಂಟಲಲ್ಲಿ ನಿಂತರೆ, ನೀರು ಕುಡಿದಾಗಲೇ ಕೆಮ್ಮು ಬಂದರೆ, ಊಟದ ನಂತರ ದನಿ ಗೊರಗೊರ ಎಂದರೆ, ಪದೇ ಪದೇ ಎದೆಯಲ್ಲಿ ಸೋಂಕಾಗುತ್ತಿದ್ದರೆ ಅದು ನುಂಗುವಿಕೆಯ ಸಮಸ್ಯೆ. ಆಹಾರ ಶ್ವಾಸನಾಳಕ್ಕೆ ಜಾರುತ್ತಿರಬಹುದು, ಕೆಲವರಲ್ಲಿ ಕೆಮ್ಮೂ ಇಲ್ಲದೆ ಜಾರುತ್ತದೆ. ವಿಡಿಯೋ ಎಕ್ಸ್‌ರೇ ಅಥವಾ ಮೂಗಿನ ಮೂಲಕ ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡುವ ಪರೀಕ್ಷೆ ಇದೆ, ನುಂಗುವ ವ್ಯಾಯಾಮ ಕಲಿಸುವ ಥೆರಪಿಸ್ಟರಿದ್ದಾರೆ. ಬಾಯಿ ಎಷ್ಟು ತೆರೆಯುತ್ತದೆ ಎಂದೂ ನೋಡಿ. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದರೆ ದವಡೆ ಬಿಗಿದಿದೆ ಎಂದರ್ಥ, ಅದಕ್ಕೂ ವ್ಯಾಯಾಮ ಬೇಕು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ.

ನಿಮ್ಮ ಜೊತೆ ಕೂರಿಸಿಕೊಳ್ಳಲು ಒತ್ತಾಯ ಮಾಡಬೇಡಿ, ಲೆಕ್ಕ ಬದಲಿಸಿ. ಹಸಿವು ತೀರಿಸುವ ಊಟವನ್ನು ಅವರು ಮೊದಲೇ, ನಿಧಾನವಾಗಿ, ಯಾರ ಕಣ್ಣೂ ಇಲ್ಲದೆ ಮುಗಿಸಲಿ. ನೀವೆಲ್ಲ ಕೂತಾಗ ಮೆತ್ತಗಿನ, ರಸಭರಿತವಾದ ಏನಾದರೂ ಸ್ವಲ್ಪವೇ ಹಾಕಿಕೊಂಡು ಜೊತೆಗೆ ಕೂರಲಿ. ಮುಗಿಸಬೇಕೆಂಬ ಗಡುವಿಲ್ಲ ಎಂದಾಗ ಕೂರುವುದು ಸುಲಭ. ಕೂರುವ ಮುನ್ನ ಸ್ಪ್ರೇ ಹೊಡೆದುಕೊಳ್ಳಲಿ, ತಟ್ಟೆಯ ಪಕ್ಕ ನೀರಿನ ಲೋಟ ಎಲ್ಲರಿಗೂ ಇರಲಿ, ಅವರೊಬ್ಬರಿಗೇ ಬೇಡ. ‘ಇನ್ನೂ ಆಗಲಿಲ್ಲವಾ’ ಎಂದು ಕೇಳದಿರಲು ಮಕ್ಕಳಿಗೆ ಮೊದಲೇ ಹೇಳಿಡಿ. ಫೋನಿಗೂ ಇದೇ ಉಪಾಯ: ಬಂದ ಕರೆ ನೀವೇ ಎತ್ತಿ, ಹತ್ತು ನಿಮಿಷ ಬಿಟ್ಟು ಅವರೇ ಮಾಡುತ್ತಾರೆ ಎನ್ನಿ. ಅಷ್ಟರಲ್ಲಿ ಜೆಲ್ ಸವರಿಕೊಂಡು, ಒಂದು ಗುಟುಕು ನೀರು ಆಡಿಸಿ, ತಾವಾಗಿ ಕರೆ ಮಾಡಲಿ. ಯಾವ ಕರೆ ಮೊದಲು ಎಂದು ಅವರೇ ಆರಿಸಿಕೊಳ್ಳಲಿ.